ಕೆಸರಿನ ತವರು

ಲೊಕ್ಕನಹಳ್ಳಿ ಕೆರೆಯ ತೂಬು ಕಾಯುವ ನೀರುಗಂಟಿ ಸಿದ್ದಮಾದ ಕೆಸರಿನ ತವರು ಹೇಳುವ ಮನುಷ್ಯ. ಒಂದು ಚಿಟಿಕೆ ಕೆಸರನ್ನು ಬೆರಳಲ್ಲಿ ಉಜ್ಜಿ ಮೂಸುತ್ತಾನೆ, ನೋಡುವವರಿದ್ದರೆ ನಾಲಿಗೆಗೂ ಮುಟ್ಟಿಸುತ್ತಾನೆ. ‘ಇದು ಅಳ್ಳದಲ್ಲಿ ಕೊಚ್ಕಂಡು ಬಂದ ಬೆಟ್ಟದ್ದು ಕಣ್ಲಾ, ಇದು ಕೆರೇಲೇ ಉಟ್ಟಿದ್ದು’ ಎನ್ನುತ್ತಾನೆ. ಎಮ್ಮೆಯ ಮೈ ಮೂಸಿ ಅದು ಯಾರ ಗದ್ದೆಯಲ್ಲಿ ಹೊರಳಿತೆಂದು ಹೇಳಿ ಜಗಳ ಬಿಡಿಸಿದ್ದೂ ಉಂಟು. ತೊಂಬತ್ತೆಂಟನೇ ಇಸವಿಯಲ್ಲಿ ಕೆಸರಿನ ಪರೀಕ್ಷೆಗೆ ಬಂದ ಮೈಸೂರಿನ ವಿಜ್ಞಾನಿ ಮೇಡಂ ಒಬ್ಬರು ಕೆರೆಯ ತಳಕ್ಕೆ ಕೊಳವೆ ಇಳಿಸಿ, ಈ ಕೆಸರಲ್ಲಿ ಬ್ಯಾಕ್ಟೀರಿಯಾಗಳ ಮೈಪೊರೆಯ ಜಿಡ್ಡಿದೆ, ಅದು ಬೆಟ್ಟದ ಮಣ್ಣಿನದೋ ಕೆರೆಯದೋ ತಿಳಿಯಲು ವರ್ಷ ಬೇಕು ಎಂದಾಗ ಅವನು ನಕ್ಕುಬಿಟ್ಟ. ‘ವರ್ಸ ಯಾಕ್ರವ್ವಾ, ಮೂಗಿಲ್ವಾ?’ ಮೇಡಮ್ಮೂ ನಕ್ಕರು. ‘ನಿಮಗೆ ಗೊತ್ತಾಗದ ಕೆಸರೇ ಇಲ್ಲವೇನಪ್ಪ?’ ‘ಒಂದದೆ ಕಣ್ರವ್ವ’ ಎಂದು ಅವನು ತೂಬಿನ ಕಡೆ ತಿರುಗಿಕೊಂಡ. ಅದಕ್ಕೂ ಎಂಟು ವರ್ಷ ಹಿಂದೆ ಅವನ ಹೆಂಡತಿ ಚೆಲುವಿ ಅವನೊಡನೆ ಜಗಳವಾಡಿ ಮನೆ ಬಿಟ್ಟಿದ್ದಳು. ಮೂರನೆಯ ದಿನ ಅವಳ ಹೆಣ ಇದೇ ಕೆರೆಯಲ್ಲಿ ತೇಲಿತು. ತವರಿಗೆಂದು ಬೆಟ್ಟದ ಹಳ್ಳ ದಾಟುವಾಗ ಕೊಚ್ಚಿಕೊಂಡು ಬಂದಳೋ, ತಾನೇ ಕೆರೆಗೆ ಇಳಿದಳೋ, ಕಂಡವರಿಲ್ಲ. ಅವಳ ಬಿಗಿಮುಷ್ಟಿಯಲ್ಲಿ ಸೀರೆಯ ಸೆರಗಿನೊಡನೆ ಸಿಕ್ಕಿದ್ದ ಕೆಸರು ಅದಕ್ಕೇ ಮೆತ್ತಿಕೊಂಡಿತ್ತು. ಆ ಸೀರೆ ಒಗೆಯದೆ ಇವತ್ತಿಗೂ ಅವನ ಟ್ರಂಕಿನಲ್ಲಿದೆ. ಅದೊಂದನ್ನು ಮಾತ್ರ ಅವನು ಮೂಸಿ ನೋಡಿಲ್ಲ.