ಸೊಟ್ಟ ಬೆರಳಿನ ಕೆಂಪು ಹೇಂಟೆ

ಸತ್ತವರು ತಿರುಗಿ ಬರುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಆದರೂ ಕುರ್ಲಾದ ನಮ್ಮ ಚಾಳಿನ ಆ ಮುಚ್ಚಿದ ಬಾಗಿಲು ಇಂದಿಗೂ ನನ್ನ ಬೆನ್ನು ಬಿಟ್ಟಿಲ್ಲ.

ಅಣ್ಣ ಉಪನಗರದ ಆಚೆ ಒಂದು ಕೋಳಿ ಫಾರ್ಮಿನಲ್ಲಿ ಕೆಲಸಕ್ಕಿದ್ದ. ಅಲ್ಲಿಯೇ ವಾಸ. ರಜೆಯಲ್ಲಿ ಮನೆಗೆ ಬಂದರೆ ಬರೀ ಕೋಳಿ ಪುರಾಣ.

"ಬಿಳಿ ಲೆಗ್‌ಹಾರ್ನ್ ನೋಡ್ಲಿಕ್ಕೆ ಮಾತ್ರ ಚಂದ ಮಾರಾಯ್ತಿ. ಜುಟ್ಟು ಕಣ್ಣಿನ ಮೇಲೆ ಬಿದ್ದಿರ್ತದೆ, ಎತ್ತಿದ್ರೆ ನಾಲ್ಕು ರತ್ತಲು ಇಲ್ಲ. ಈ ರೋಡ್ ಐಲೆಂಡ್ ಕೆಂಪು ಹೇಂಟೆ ಉಂಟಲ್ಲ, ಬೆನ್ನು ಮಣೆಯ ಹಾಗೆ ಅಗಲ. ಆರು ರತ್ತಲಿಗೆ ಮೋಸ ಇಲ್ಲ. ನಮ್ಮ ಊರ ಕೋಳಿಗೆ ಎಂತ ಉಂಟು? ಉದ್ದ ಕಾಲು ಮಾತ್ರ!" ಎಂದು ನನ್ನನ್ನು ಸೊಂಟ ಹಿಡಿದು ಎತ್ತಿ, "ಇದು ಊರ ಕೋಳಿಯೇ" ಎಂದು ನಗುತ್ತಿದ್ದ.

ಕೆಂಪು ಹೇಂಟೆಗಳಲ್ಲಿ ಕಾಲಿನ ನಡುಬೆರಳು ಸೊಟ್ಟಗಿದ್ದ ಒಂದರ ಮೇಲೆ ಅವನಿಗೆ ವಿಪರೀತ ಮೋಹ. ಬೇರೆ ಯಾರು ಮುಟ್ಟಿದರೂ ಕುಕ್ಕುವ ಅದು, ಇವನು ಅಂಗೈಯಲ್ಲಿ ಎತ್ತಿ ತೂಗಿದರೆ ಗುರುಗುಟ್ಟುತ್ತಿತ್ತಂತೆ. ಆ ಸದ್ದನ್ನು ಗಂಟಲಲ್ಲೇ ಮಾಡಿ ತೋರಿಸುತ್ತಿದ್ದ. ಅಮ್ಮ ಬೈಯುತ್ತಲೇ ನಗುತ್ತಿದ್ದಳು.

ಒಂದು ಮಳೆಗಾಲದಲ್ಲಿ ಅವನು ಅಲ್ಲೇ ಜ್ವರ ಬಂದು ತೀರಿಕೊಂಡ. ಸುದ್ದಿ ನಮಗೆ ಮುಟ್ಟುವಷ್ಟರಲ್ಲಿ ದಹನವೂ ಆಗಿಹೋಗಿತ್ತು. ಅಮ್ಮನಿಗೆ ಮಗನ ಮುಖ ನೋಡಲು ಸಿಗಲಿಲ್ಲ. "ಹಸಿದುಕೊಂಡೇ ಹೋದ. ಒಂದು ಸಲ ಬಂದು ಉಂಡು ಹೋಗಲಿ, ಮತ್ತೆ ನನಗೆ ಎಂತದೂ ಬೇಡ" ಎಂದು ವರ್ಷವಿಡೀ ಅದೇ ಮಾತು.

ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವುದು ನಮ್ಮ ತುಳುನಾಡಿನ ಪದ್ಧತಿ. ಎಲೆಯಲ್ಲಿ ಅನ್ನ, ಕೋಳಿ ಸಾರು ಬಡಿಸಿ, ಬಾಗಿಲು ಮುಚ್ಚಿ, ಅವರು ಉಣ್ಣುವವರೆಗೆ ಮನೆಯವರೆಲ್ಲ ಹೊರಗೆ ನಿಲ್ಲಬೇಕು. ಫೋರ್ಟಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಪ್ಪ ರಜೆ ಹಾಕಿ ಅಣ್ಣನ ಫಾರ್ಮಿಗೇ ಹೋಗಿ, ಯಾರಿಗಾಗಿ ಎಂದು ಹೇಳಿ ಕೋಳಿ ಕೇಳಿದರು. ಅಲ್ಲಿಯವರು ಗೌರವದಿಂದ, ಇದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ಕೊಟ್ಟರು.

"ಆರು ರತ್ತಲು ಉಂಟು! ಊರಲ್ಲಿ ಇಂಥದ್ದನ್ನು ಯಾರು ಬಡಿಸಿದ್ದಾರೆ?" ಎಂದು ಅಪ್ಪ ಚೀಲ ಬಿಚ್ಚಿದರು. ನನ್ನ ಕಣ್ಣು ಅದರ ಕಾಲಿನ ಮೇಲೆ ಬಿತ್ತು. ನಡುಬೆರಳು ಸೊಟ್ಟ.

"ಅಯ್ಯೋ ಅಪ್ಪಾ, ಇದು ಅಣ್ಣನದ್ದು!"

ಅಪ್ಪ ಬಗ್ಗಿ ಆ ಕಾಲನ್ನು ಹಿಡಿದು ನೋಡಿದರು. ಅಮ್ಮ ಕತ್ತಿಯನ್ನು ಕೆಳಗಿಟ್ಟಳು. "ಅವನ ಕೋಳಿ ಕೊಯ್ದು ಅವನಿಗೇ ಬಡಿಸುವುದಾ? ಕಟ್ಟಿ ಹಾಕಿ ಅದನ್ನು."

"ಕೋಳಿ ಇಲ್ಲದೆ ಅವನು ಬಾರದಿದ್ದರೆ?" ಎಂದರು ಅಪ್ಪ. ಅಮ್ಮ ಒಣಮೀನಿನ ಸಾರಿಗೆ ಮಸಾಲೆ ಅರೆಯತೊಡಗಿದಳು.

ಸಂಜೆ ಎಲೆಗೆ ಬಡಿಸಿ, ಹೇಂಟೆಯನ್ನು ಮಂಚದ ಕಾಲಿಗೆ ಕಟ್ಟಿದ್ದಂತೆಯೇ ಬಿಟ್ಟು, ಬಾಗಿಲು ಮುಚ್ಚಿ ಹೊರಗಿನ ಗ್ಯಾಲರಿಯಲ್ಲಿ ನಿಂತೆವು. ಮಳೆ ಹೊಡೆಯುತ್ತಿತ್ತು. ನೀರಿನ ಕೊಡ ಹೊತ್ತು ಬಂದ ಪಕ್ಕದ ಕೋಣೆಯ ಮರಾಠಿ ಹೆಂಗಸು "ಕಾಯ್ ಝಾಲಾ?", ಏನಾಯಿತು ಎಂದು ಕೇಳಿದಳು. ಅಮ್ಮ ತುಟಿಯ ಮೇಲೆ ಬೆರಳಿಟ್ಟಳು.

ಬೆಳಗಿನಿಂದ ಮುಟ್ಟಿದವರ ಕೈಗೆಲ್ಲ ಕುಕ್ಕಿದ್ದ ಹೇಂಟೆ ಒಳಗೆ ಒಮ್ಮೆ ರೆಕ್ಕೆ ಬಡಿಯಿತು. ಆಮೇಲೆ ಗುರುಗುಟ್ಟುವ ಸದ್ದು ಕೇಳಿತು. ಕೋಳಿಯದೋ, ಅದನ್ನು ಅಣಕಿಸುತ್ತಿದ್ದ ಅಣ್ಣನದೋ, ನನಗೆ ಇವತ್ತಿಗೂ ಹೇಳಲಾಗುವುದಿಲ್ಲ. ಹೆದರಿ ಅಪ್ಪನ ಪಂಚೆ ಹಿಡಿದುಕೊಂಡೆ.

ಅಪ್ಪ ಚಿಲಕಕ್ಕೆ ಕೈ ಹಾಕಿದರು. ಅಮ್ಮ ಆ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಈಗ ಬೇಡ. ತೂಕ ನೋಡ್ತಾ ಇದ್ದಾನೆ. ಊಟಕ್ಕೆ ಇನ್ನೂ ಕೂತಿಲ್ಲ."