ರೋಮಿನ ನೆರಿಗೆ

ಒಮಾನಿನ ನಿಜ್ವಾ ಊರಿನ ನಮ್ಮ ಶಾಲೆಯ ಚರಿತ್ರೆ ಟೀಚರ್ ಸೇಫ್ಟಿ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ನಾಟಕದ ಹುಡುಗಿಯರನ್ನು ಪ್ರಾಚೀನ ರೋಮಿನ ಹೆಂಗಸರಾಗಿಸಲು ಗಂಡನ ಬಿಳಿ ಪಂಚೆಗಳನ್ನೇ ತಂದಿದ್ದರು. ಎಡ ಹೆಗಲಿನಿಂದ ಇಳಿಸಿ, ಬಲ ಕಂಕುಳಡಿ ತಂದು, ತಲೆಗೆ ಹೊದಿಸುವರು. ಒಂದು ಮಡಿಕೆ ಓರೆಯಾದರೂ ಪೂರ್ತಿ ಬಿಚ್ಚುವರು.

"ನೆರಿಗೆ ಸರಿ ಬರಲಿಲ್ಲ ಮಾರಾಯ್ತಿ, ಪುನಃ ಮಾಡುವ."

"ಇಟ್ಸ್ ಓಕೆ ಮ್ಯಾಮ್," ಎಂದು ಮಕ್ಕಳು ಗೋಗರೆದರೂ ಕೇಳಬೇಕಲ್ಲ!

ಎಣ್ಣೆ ಬೆಲೆ ಕುಸಿದು ಕಂಪನಿಗಳು ಜನರನ್ನು ಊರಿಗೆ ಅಟ್ಟುತ್ತಿದ್ದ ವರ್ಷ ಅದು. ದೂರದ ದುಕ್ಮ್ ಬಂದರಿನಲ್ಲಿ ಕೆಲಸಕ್ಕಿದ್ದ ಟೀಚರ್ ಗಂಡನಿಗೂ ಕೆಲಸ ಹೋದ ಪತ್ರ ಬಂತು. ಮರುದಿನ ಬೆಳಿಗ್ಗೆ ಕ್ಯಾಂಪಿನ ಕೋಣೆಯಲ್ಲಿ ಆತ ಏಳಲೇ ಇಲ್ಲ. ಫೋನ್ ಬಂದಾಗ ಟೀಚರ್ ಒಬ್ಬ ಹುಡುಗಿಗೆ ಪಂಚೆ ಸುತ್ತುತ್ತಿದ್ದರು. ಸುದ್ದಿ ಕೇಳಿಸಿಕೊಂಡು ಆ ನೆರಿಗೆ ಮುಗಿಸಿದರು. ಆಮೇಲೆ ಅವಳ ಯೂನಿಫಾರ್ಮಿನ ಮೇಲಿಂದ ಅದನ್ನು ಬಿಚ್ಚಿ, ಮಡಚಿ ಚೀಲಕ್ಕೆ ಹಾಕಿಕೊಂಡರು.

ಶವಾಗಾರದಲ್ಲಿ ಸಹೋದ್ಯೋಗಿಯಾದ ನಾನು ಜೊತೆಗಿದ್ದೆ. ಅದೇ ಪಂಚೆಯನ್ನು ಗಂಡನಿಗೆ ಹೊದಿಸಿದರು, ತೆಗೆದರು, ಮತ್ತೆ ಹೊದಿಸಿದರು.

"ಖಲಾಸ್, ಮೇಡಂ," ಎಂದ ಅಲ್ಲಿಯ ನೌಕರ, ಇನ್ನು ಸಾಕೆಂಬಂತೆ ಮೆಲ್ಲಗೆ.

ಟೀಚರ್ ಗಂಡನ ಹೆಗಲ ಬಳಿ ಬಗ್ಗಿ ಅಂಚನ್ನು ಎಳೆದರು.

"ಸರಿ ಬರಲಿಲ್ಲ," ಎಂದರು ಆತನಿಗೇ. "ಪುನಃ ಮಾಡುವ."