ಗಂಟೆಯ ಕೊಕ್ಕೆಗೆ ತಕ್ಕಡಿ

ನಾನು ಮದುವೆಯಾಗಿ ಉಮರ್ಗಾದಿಂದ ನಿಲಂಗಾಕ್ಕೆ ಬಂದದ್ದು ಬರಗಾಲದ ನಟ್ಟನಡುವೆ. ಹಿಂದಿನ ವರ್ಷ ಮಳೆ ಅರ್ಧಕ್ಕೇ ಕೈಬಿಟ್ಟಿತ್ತು, ಆ ವರ್ಷವಂತೂ ಬರಲೇ ಇಲ್ಲ. ರೇಷನ್ನಿನ ಕೆಂಪು ಜೋಳದ ಹಿಟ್ಟು ನಾದಿದಷ್ಟೂ ಒಡೆಯುತ್ತಿತ್ತು. ನಾನು ತಟ್ಟಿದ ರೊಟ್ಟಿ ದುಂಡಗಾಗುವ ಬದಲು ಯಾವುದೋ ತಾಲೂಕಿನ ನಕ್ಷೆಯಂತೆ ಕಾಣುತ್ತಿತ್ತು. ಊರೆಲ್ಲ ಮೋಡ ನೋಡಿ ನಿಟ್ಟುಸಿರುಬಿಡುವ ಕಾಲದಲ್ಲಿ ನನಗೆ ಮಾತ್ರ ಎಲ್ಲದಕ್ಕೂ ನಗು. ಹದಿನೆಂಟರ ವಯಸ್ಸು. ಸೆರಗು ಬಾಯಿಗೆ ತುರುಕಿಕೊಂಡು ಅಡಿಗೆಮನೆಗೆ ಓಡುವುದೇ ನನ್ನ ಕೆಲಸವಾಗಿತ್ತು.

ಮಾವನದು ಪೇಟೆಯಲ್ಲಿ ಕಾಳು, ಹಿಂಡಿ, ದನದ ಮೇವಿನ ಕಣಿಕೆಯ ವ್ಯಾಪಾರ. ಅಂಗಡಿಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ. ಸಿಟ್ಟು ಬಂದರೆ ಮಾತ್ರ ಮನೆಯಲ್ಲೂ ಮರಾಠಿಯೇ. ಅತ್ತೆಯ ಬಾಯಲ್ಲಿ ನಾನು ಮರಾಠಿ ಕೇಳಿದ್ದೇ ಇಲ್ಲ. ಜೋರು ದನಿಯನ್ನೂ ಕೇಳಿರಲಿಲ್ಲ. ಹಾಲಿಗೆ ಬಾಯಿ ಹಾಕಿದ ಬೆಕ್ಕಿಗೂ ಅವರು "ಹೋಗವ್ವಾ, ಹೋಗು" ಎಂದು ಅಂಗಲಾಚುತ್ತಿದ್ದರು.

ಪೇಟೆಯ ಹಿಂದೆ ಒಂದು ಸಣ್ಣ ಮಹಾದೇವನ ಗುಡಿ. ಅತ್ತೆ ಪ್ರತಿ ಸೋಮವಾರ ಅಲ್ಲಿಗೆ ಹೋಗುವವರು, ಮೊಣಕಾಲು ಊದಿ ಸುಮಾರು ಎರಡು ತಿಂಗಳು ಹೋಗಿರಲಿಲ್ಲ. ಶ್ರಾವಣ ಬಂದಾಗ ಕಾಲು ಸ್ವಲ್ಪ ನೆಟ್ಟಗಾಯಿತು. ಬೆಳಿಗ್ಗೆಯೇ ತಲೆಗೆ ಎರೆದುಕೊಂಡು, ನನ್ನನ್ನೂ ಉಪವಾಸ ಹಿಡಿಸಿ, ಹೊರಟುನಿಂತರು.

"ಇವತ್ತ ಬ್ಯಾಡ ಬಿಡು, ಬಿಸಲು ಭಾಳ ಅದ," ಎಂದರು ಮಾವ.

"ಶ್ರಾವಣ ಸ್ವಾಮಾರ ಅದರೀ. ಹೋಗಿ ಬರ್ತೀವಿ."

"ಕಾಲು ಮತ್ತ ಬಾತೀತು."

"ಬಾತರ ಬಾಯ್ಲಿ."

ಮಾವ ಇನ್ನೂ ಏನೋ ಹೇಳಹೋಗಿ, ಹೇಳದೆ, ಅವಸರದಿಂದ ಅಂಗಡಿಗೆ ನಡೆದರು. ಅವರು ಹಾಗೆ ಮಾತು ನುಂಗಿದ್ದು ಯಾಕೆಂದು ಗುಡಿಗೆ ಹೋದ ಮೇಲೆಯೇ ತಿಳಿಯಿತು.

ಗುಡಿಯ ಮೆಟ್ಟಿಲೇರಿ ಅತ್ತೆ ಗಂಟೆ ಬಾರಿಸಲು ಕೈ ಎತ್ತಿದರು. ಎಷ್ಟೋ ವರ್ಷದ ರೂಢಿ, ಮೇಲೆ ನೋಡಲೂ ಇಲ್ಲ. ಕೈಗೆ ಸಿಕ್ಕಿದ್ದು ಸರಪಳಿ. ಕಿರ್ರ್ ಎಂದು ಏನೋ ತಿರುಗಿ ದೊಡ್ಡದೊಂದು ಕಬ್ಬಿಣದ ತಟ್ಟೆ ಅವರ ಭುಜಕ್ಕೆ ಬಡಿಯಿತು. ಗಂಟೆ ಇರಲಿಲ್ಲ. ಅದರ ಕೊಕ್ಕೆಗೆ ತಕ್ಕಡಿ ತೂಗುಹಾಕಿದ್ದರು.

ಒಳಗೆ ಕಣ್ಣು ಹಾಯಿಸಿದರೆ ಮಂಟಪದ ತುಂಬ ಕಣಿಕೆಯ ಪೆಂಡಿಗಳು, ಶೇಂಗಾ ಹಿಂಡಿಯ ಚೀಲಗಳು ಮಾಳಿಗೆಯವರೆಗೂ ಪೇರಿಸಿದ್ದವು. ದರ ಇನ್ನೂ ಏರಲಿ ಎಂದು ಪೇಟೆಯವರು ಕೂಡಿಟ್ಟ ಮಾಲು ಅದು. ದೇವರ ಹತ್ತಿರ ಹೋಗಲು ಒಬ್ಬರು ಅಡ್ಡಡ್ಡ ಸರಿಯುವಷ್ಟೇ ದಾರಿ. ನಂದಿಯ ಒಂದು ಕೋಡಿಗೆ ಯಾರೋ ಹಮಾಲ ತನ್ನ ಬಿಳಿ ಟೊಪ್ಪಿಗೆ ಸಿಕ್ಕಿಸಿ ಮರೆತುಹೋಗಿದ್ದ. ಅದನ್ನು ನೋಡಿದ್ದೇ ನನಗೆ ನಗು ಒತ್ತರಿಸಿ ಬಂತು. ಅತ್ತೆ ನಗಲಿಲ್ಲ.

ಪೂಜೆ ಮಾಡುವ ಅಯ್ಯನವರು ತಕ್ಕಡಿಯ ಕೆಳಗೆ ಬಗ್ಗಿ ಹೊರಗೆ ಬಂದರು.

"ಅಯ್ಯನೋರ, ಗಂಟಿ ಎಲ್ಲಿ ಅದರೀ?"

"ಸಾವಕಾರ್ರ ದುಕಾನದಾಗ ಅದ ಅವ್ವಾ. ಜ್ವಾಕಿಲೆ ಇಟ್ಟಾರ."

"ಯಾವ ಸಾವಕಾರ್ರು?"

ಅಯ್ಯನವರು ಮೇಲಿನ ಬೋದಿಗೆಯ ಕೆತ್ತನೆಯನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು.

"ನಮ್ಮವ್ರಾ?"

"ಹೌದವ್ವಾ... ಬರೂ ವರ್ಷ ಗುಡಿಗಿ ಸುಣ್ಣಾ ಹಚ್ಚಸ್ತೀನಿ ಅಂದಾರ."

ಅತ್ತೆಯ ಕುತ್ತಿಗೆ ಕೆಂಪಗಾಯಿತು. ಆ ಕೆಂಪು ನಿಧಾನವಾಗಿ ಕಿವಿಗೆ ಏರಿದ್ದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಪೂಜೆಯ ತಟ್ಟೆಯನ್ನು ನನ್ನ ಕೈಗೆ ತುರುಕಿದರು. ನೆಲದ ಮೇಲಿದ್ದ ತೂಕದ ಕಲ್ಲನ್ನು ಎರಡೂ ಕೈಯಿಂದ ಎತ್ತಿ ತಕ್ಕಡಿಯ ತಟ್ಟೆಗೆ ಬಡಿದರು. ಠಣ್!

"ಗಂಟಿ ಇಲ್ಲಂದ್ರ ನಾವು ಬಂದದ್ದು ದೇವರಿಗಿ ಹ್ಯಾಂಗ ಗೊತ್ತಾಗಬೇಕು?" ಠಣ್! "ಇದೇ ಗಂಟಿ ಅನ್ರಿ!" ಠಣ್! ಠಣ್!

ದೇವರಿಗೆ ಕೇಳಿಸಿತೋ ಏನೋ, ಪೇಟೆಗಂತೂ ಕೇಳಿಸಿತು. ಬೆಂಕಿ ಬಿದ್ದಿದೆ ಎಂದುಕೊಂಡು ಮಂದಿ ಕೊಡ ಹಿಡಿದು ಓಡಿಬಂದರು. ಕೊಡದಲ್ಲಿ ನೀರಿರಲಿಲ್ಲ, ಅದು ಬೇರೆ ಮಾತು. ಬಂದವರು ಮೆಟ್ಟಿಲ ಮೇಲೆ ಬಾಯಿ ತೆರೆದು ನಿಂತರು. ನನಗೆ ಉಪವಾಸದ ತಲೆ, ಆ ಸದ್ದಿಗೆ ಮೈಯೆಲ್ಲ ಹಗುರಾಗಿ ಒಂದು ಗೇಣು ಮೇಲೆ ತೇಲಿದಂತಿತ್ತು.

ಅದೇ ಹೊತ್ತಿಗೆ ದೇವಣಿ ಕಡೆಯ ದನಗಾರನೊಬ್ಬ ತನ್ನ ದನ ಹೊಡೆದುಕೊಂಡು ಗುಡಿಯ ಮುಂದಿನ ದಾರಿಯಲ್ಲಿ ಬಂದ. ಬರಗಾಲಕ್ಕೆಂದು ಸರಕಾರ ತೆಗೆದ ದನದ ಛಾವಣಿಗೆ, ಮೇವು ಹಾಕುವ ಶಿಬಿರಕ್ಕೆ, ಹೊರಟಿದ್ದ. ಒಳ್ಳೆಯ ಜಾತಿಯ ದನಗಳು, ಬಿಳಿ ಮೈಯ ಮೇಲೆ ಕರಿ ಮಚ್ಚೆ. ಆದರೆ ಪಕ್ಕೆಲುಬು ಎಣಿಸಬಹುದಿತ್ತು. ಕಣಿಕೆಯ ವಾಸನೆಗೆ ಅವು ಅಲ್ಲೇ ನಿಂತುಬಿಟ್ಟವು. ಕೋಲು ತೋರಿಸಿದರೂ ಕದಲಲಿಲ್ಲ.

ಅತ್ತೆ ಕಲ್ಲು ಕೆಳಗಿಟ್ಟರು. "ಏ ಅಣ್ಣಾ, ಒಳಗ ಬಿಡು ಅವನ್ನ."

"ಕಾಕೂ, ಗುಡಿ ಅದ. ದನಾ ಹ್ಯಾಂಗ ಒಳಗ ತರ್ಲಿ?"

"ಗುಡಿ ಅಂತ ನಿನಗರ ಗೊತ್ತದಲ್ಲ, ಸಾಕು. ಒಳಗ ಬಸವಣ್ಣ ಕುಂತಾನ. ನಿನ್ನ ಬಸವಣ್ಣಗ ಅಂವಾ ಒಲ್ಲೆ ಅಂತಾನೇನು? ಬಿಡು!" ಆಮೇಲೆ ನನ್ನ ಕಡೆ ತಿರುಗಿದರು. "ನಮ್ಮ ಪೆಂಡಿ ಯಾವುವು?"

ಅಂಗಡಿಯ ಹಿತ್ತಲಲ್ಲಿ ಕಟ್ಟುವಾಗ ನೋಡಿದ್ದೆ. "ತೆಂಗಿನ ಹುರಿ ಕಟ್ಟಿದ್ದು, ಅತ್ತಿ."

"ಅವಷ್ಟೇ ಬಿಚ್ಚು. ಮಂದೀದು ಮುಟ್ಟಬ್ಯಾಡ."

ಪೂಜೆಯ ತಟ್ಟೆಯನ್ನು ಅಯ್ಯನವರ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ತೆಂಗಿನ ಹುರಿಗಳನ್ನು ಬಿಚ್ಚತೊಡಗಿದೆ. ಅತ್ತೆಯ ನಿಯಮ ನನಗೆ ತಿಳಿದಿತ್ತು, ದನಗಳಿಗೆ ತಿಳಿದಿರಲಿಲ್ಲ. ಒಂದು ಹೋರಿ ಸೀದಾ ಪಕ್ಕದ ಅಂಗಡಿಯವರ ರಾಶಿಗೆ ಬಾಯಿ ಹಾಕಿತು. ಒಂದು ಆಕಳು ಹಿಂಡಿಯ ಚೀಲ ಹರಿದು ಕಣ್ಣಿನತನಕ ಮುಖ ಮುಳುಗಿಸಿತು. ಪೇರಿಸಿದ ಪೆಂಡಿಗಳು ಜಾರಿ ಒಂದರ ಮೇಲೊಂದು ಉರುಳಿದವು. ಧೂಳು, ತೌಡು, ಸೀನು. ಅತ್ತೆ ನಡುವೆ ನಿಂತು "ಅದು ಅವ್ರದ್ದವ್ವಾ, ಅದು ಬ್ಯಾಡ, ಇತ್ತ ಬಾ" ಎಂದು ಆಕಳಿಗೆ ತಿಳಿಹೇಳುತ್ತಿದ್ದರು. ನಾನು ನಗುತ್ತಾ ಕಣ್ಣೀರು ಒರೆಸಿಕೊಳ್ಳುತ್ತಾ ಬಿಚ್ಚುತ್ತಲೇ ಇದ್ದೆ. ಸೆರಗಿನಿಂದ ಬಾಯಿ ಮುಚ್ಚಿಕೊಳ್ಳಲು ಕೈ ಎಲ್ಲಿ ಬಿಡುವಿತ್ತು? ನನ್ನನ್ನು ನೋಡಿ ಮೆಟ್ಟಿಲ ಮೇಲಿನ ಹೆಂಗಸರೂ ನಗತೊಡಗಿದರು.

ಮಾವ ಓಡಿಬಂದರು. ಕಾಲಲ್ಲಿ ಒಂದೇ ಚಪ್ಪಲಿ, ತಲೆಯ ಪಟಕ ಬಿಚ್ಚಿಕೊಂಡು ಬೆನ್ನ ಹಿಂದೆ ಹರಿದಾಡುತ್ತಿತ್ತು.

"ಅಗ, ವೇಡ ಲಾಗಲ ಕಾ ತುಲಾ?" ಎಂದು ಕೂಗಿದರು, ನಿನಗೇನು ಹುಚ್ಚು ಹಿಡಿದಿದೆಯೇ ಎಂದು.

ಅತ್ತೆ ತಿರುಗಿ ನಿಂತರು. ಇಡೀ ಪೇಟೆಗೆ ಕೇಳುವಂತೆ, ಸ್ವಚ್ಛ ಮರಾಠಿಯಲ್ಲಿ, "ಹೇ ದುಕಾನ ನಾಹೀ! ದೇಊಳ ಆಹೇ!" ಎಂದರು. ಇದು ಅಂಗಡಿಯಲ್ಲ, ದೇವಸ್ಥಾನ!

ಮಾವ ಒಂದು ಹೆಜ್ಜೆ ಹಿಂದೆ ಸರಿದರು. ಮಾತಿಗಿಂತ ಮರಾಠಿಗೇ ಅವರು ಹೆಚ್ಚು ಬೆಚ್ಚಿದ್ದರು ಎಂದು ಇವತ್ತಿಗೂ ನನಗನಿಸುತ್ತದೆ.

"ಮನ್ಯಾಗ ನೀವು ಹೇಳಿದ್ದು ನಾ ಕೇಳ್ತೀನಿ," ಅತ್ತೆ ಈಗ ಕನ್ನಡಕ್ಕೆ ಬಂದರು. "ಇದು ನಿಮ್ಮ ಮನಿ ಅಲ್ಲರೀ. ಹೊರಗ ದನಾ ಸಾಯ್ಲಾಕತ್ತಾವ, ಮೇವು ದೇವರ ಬಗಲಾಗ ಮುಚ್ಚಿಟ್ಟೀರಿ. ಗಂಟಿ ಬಿಚ್ಚಿ ತಕ್ಕಡಿ ಕಟ್ಟೀರಿ. ಅವನ ಮುಂದ ಕುಂತು ಏನ್ ತೂಗ್ತೀರಿ?"

ದನಗಳು ಮೆಲ್ಲುತ್ತಲೇ ಇದ್ದವು. ಅಯ್ಯನವರು ಧೈರ್ಯ ಮಾಡಿ, "ಅವ್ವಾ, ದನಾ ಹೊಕ್ಕು ಗುಡಿ ಮೈಲಿಗಿ ಆಯ್ತಲ್ಲ," ಎಂದರು.

"ದಿನಾ ತಕ್ಕಡಿ ಕೆಳಗ ಬಗ್ಗಿ ಪೂಜಾಕ್ಕ ಹೋಗ್ತಿದ್ರಿ. ಆಗ ಆಗ್ಲಿಲ್ಲೇನು?"

ಅಷ್ಟರಲ್ಲಿ ಒಂದು ಮಣಕ ಮಾವನ ಪಟಕದ ತುದಿಯನ್ನು ಬಾಯಿಗೆ ಹಾಕಿಕೊಂಡು ಶಾಂತವಾಗಿ ಜಗಿಯತೊಡಗಿತು. ಮಾವ ಎಳೆದರು, ಅದೂ ಎಳೆಯಿತು. ಜನ ಹೋ ಎಂದು ನಕ್ಕರು. ಮಾವ ಪಟಕವನ್ನು ಮಣಕಕ್ಕೇ ಬಿಟ್ಟು ಬರಿದಲೆಯಲ್ಲಿ ಹೊರಟುಹೋದರು.

ಸಂಜೆಯೊಳಗೆ ಉಳಿದ ಮಾಲೆಲ್ಲ ಕೈಗಾಡಿಯ ಮೇಲೆ ಅವರವರ ಅಂಗಡಿಗೆ ಹೋಯಿತು. ಸೆಗಣಿಯನ್ನು ಕುಳ್ಳು ತಟ್ಟಲೆಂದು ಹೆಂಗಸರು ಕಚ್ಚಾಡಿ ಒಯ್ದರು, ಗುಡಿ ತಾನಾಗಿಯೇ ಸ್ವಚ್ಛವಾಯಿತು. ಮಾವ ಗಂಟೆ ತಂದರು. ಸ್ಟೂಲಿನ ಮೇಲೆ ನಿಂತು ತಾವೇ ತೂಗುಹಾಕಿದರು, ಅತ್ತೆಯ ಕಡೆ ನೋಡಲಿಲ್ಲ.

ಮನೆಗೆ ಬರುವಾಗ ದಾರಿಯಲ್ಲಿ ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರು. "ನಾ ಭಾಳ ಜೋರು ಒದರಿದೆನೇನು?" ಎಂದು ಕೇಳಿದರು.

"ಭಾಳ ಜೋರು, ಅತ್ತಿ."

"ಅಯ್ಯ ಶಿವನ," ಎಂದು ಸ್ವಲ್ಪ ದೂರ ನಡೆದು, ಕಳ್ಳ ನಗು ನಕ್ಕರು. "ಖರೇ ಹೇಳ್ತೀನಿ, ಹೊಟ್ಟಿ ತಂಪಾಯ್ತು."

ಆಮೇಲೆ ಮನೆಯಲ್ಲಿ ಮೌನ. ಮೌನವೆಂದರೆ ನನ್ನ ಮೂಲಕ ಮಾತು. ಅತ್ತೆ ಎದುರಿಗೇ ಬಡಿಸುತ್ತಿದ್ದರೂ ಮಾವ, "ನಿಮ್ಮ ಅತ್ತಿಗಿ ಹೇಳು, ಸಾರಿಗಿ ಉಪ್ಪು ಕಮ್ಮಿ ಅದ," ಎನ್ನುವರು. "ನಿಮ್ಮ ಮಾವಗ ಹೇಳು, ಉಪ್ಪು ಬಗಲಾಗೇ ಅದ," ಎಂದು ಅತ್ತೆ. ನಾನು ಎರಡನ್ನೂ ಮುಟ್ಟಿಸಬೇಕು, ನಗಬಾರದು. ನನ್ನ ಗಂಡ ತಟ್ಟೆಯಲ್ಲಿ ಮುಖ ಹುದುಗಿಸಿ ಉಣ್ಣುತ್ತಿದ್ದರು, ಹೆಗಲು ಮಾತ್ರ ಕುಣಿಯುತ್ತಿತ್ತು.

ಒಂದು ದಿನ ಮಾವ ಖರೀದಿಗೆ ಉದಗೀರಕ್ಕೆ ಹೋದರು. ಸಂಜೆಯ ಬಸ್ಸಿಗೆ ಬಂದವರು ಅಂಗಳದಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಮುಖ ಕೆಂಪಾಗಿತ್ತು. ಹೆದರಿ ನೀರು ಒಯ್ದರೆ, ನೋಡುತ್ತೇನೆ, ನಗು ತಡೆಯಲಾರದೆ ಒದ್ದಾಡುತ್ತಿದ್ದಾರೆ.

"ಅಲ್ಲೊಬ್ಬ ಮುರುಮ ಊರಿನವ, ನಾ ಯಾರಂತ ಗೊತ್ತಿಲ್ಲ ಅಂವಗ, ಚಾ ಕುಡಕೋತ ನನಗೇ ಕತಿ ಹೇಳ್ಯಾನ! ನಿಲಂಗಾದಾಗ ಒಬ್ಬಾಕಿ ಸಾವಕಾರ್ತಿ ಹೋರಿ ಮ್ಯಾಲೆ ಕುಂತು, ಕೈಯಾಗ ಬಾರಕೋಲ ಹಿಡಕೊಂಡು ಗುಡಿಯೊಳಗ ನುಗ್ಗ್ಯಾಳಂತ. ಮತ್ತ ಆಕಿ ಗಂಡ ಏನ್ ಮಾಡ್ದಾ ಅಂತ ಕೇಳ್ದೆ. ಅಂವಾ ಅಂಜಿ ಎಣ್ಣಿ ಪೀಪಾಯಿದಾಗ ಇಳದು ಮುಚ್ಚಳ ಮುಚ್ಚಕೊಂಡ ಅಂತ!"

ಹೇಳಿ ತೊಡೆ ತಟ್ಟಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ ಮುಂದೆ ಬಂದು ಗಂಡನ ಮೈಕಟ್ಟನ್ನು ಮೇಲಿನಿಂದ ಕೆಳಗಿನವರೆಗೆ ಗಂಭೀರವಾಗಿ ಅಳೆದರು. ಎಷ್ಟೋ ದಿನದ ಮೇಲೆ, ನನ್ನನ್ನು ನಡುವೆ ಕರೆಯದೆ, ನೇರ ಅವರನ್ನೇ ಕೇಳಿದರು:

"ಪೀಪಾಯಿದಾಗ ನೀವು ಹಿಡೀತೀರೇನ್ರೀ?"